ಸಂಕಲ್ಪಮೂರ್ತಿಗಳು

ಬಸವನಗುಡಿ ಕಡೆಯ ಪ್ರತಿ ರಸ್ತೆಯಲ್ಲೂ ಒಬ್ಬ ಸಂಕಲ್ಪಮೂರ್ತಿ ಇದ್ದೇ ಇರುತ್ತಾರೆ. ನಿಜವಾದ ಹೆಸರು ಏನಾದರೂ ಇರಲಿ, ಕಾಲಲ್ಲಿ ಹೊಸ ಬೂಟು, ಮಣಿಕಟ್ಟಿನಲ್ಲಿ ಹೊಸ ವಾಚು, ಕಂಕುಳಲ್ಲಿ ಹೊಸ ಡೈರಿ ಕಂಡರೆ ಅವರೇ ಎಂದು ತಿಳಿಯಿರಿ. ಹಳೆಯದು ಅಂತ ಅವರ ಬಳಿ ಇರುವುದು ತೂಕ ಒಂದೇ.

“ಈ ಸಲ ಮಾತ್ರ ಬಿಡೋದಿಲ್ಲ ಸಾರ್” ಎನ್ನುತ್ತಾರೆ. ಏನನ್ನು ಎಂದು ಕೇಳಬೇಡಿ. ಕೇಳಿದರೆ ನಿಮ್ಮ ಕಾಫಿ ಆರಿಹೋಗುತ್ತದೆ.

ಅವರನ್ನು ಸೋಮಾರಿ ಅಂದರೆ ಪಾಪ ಸುತ್ತಿಕೊಳ್ಳುತ್ತದೆ. ಐದು ಗಂಟೆಗೇ ಎದ್ದು ಕೂತು ಗುರಿ ಬರೆಯುತ್ತಾರೆ. ಪೂಜೆಗೆ ಮುಂಚೆ ಪುರೋಹಿತರು ಮಾಡಿಸುವ ಸಂಕಲ್ಪವನ್ನು ನೆನಪಿಸಿಕೊಳ್ಳಿ. ಶ್ವೇತವರಾಹ ಕಲ್ಪದಿಂದ ಹೊರಟು, ವೈವಸ್ವತ ಮನ್ವಂತರ, ಕಲಿಯುಗ, ಜಂಬೂದ್ವೀಪ, ಭರತಖಂಡ ಎಲ್ಲ ದಾಟಿ, ಸಂವತ್ಸರ, ತಿಥಿ, ನಕ್ಷತ್ರ ಮುಗಿಸಿ ನಮ್ಮ ಗೋತ್ರಕ್ಕೆ ಬರುವ ಹೊತ್ತಿಗೆ ಅಕ್ಷತೆ ಹಿಡಿದ ಕೈ ಬೆವೆತಿರುತ್ತದೆ. ಮೂರ್ತಿಗಳದ್ದೂ ಇದೇ ಕ್ರಮ. ವ್ಯತ್ಯಾಸ ಇಷ್ಟೇ: ಪುರೋಹಿತರು ಆಮೇಲೆ ಪೂಜೆಯನ್ನೂ ಮಾಡಿಸುತ್ತಾರೆ.

ಮೊದಲ ತೊಡಕು ಶುರುಮಾಡುವ ದಿನದ್ದು. ಜನವರಿ 1 ಬೀಳುವುದು ಧನುರ್ಮಾಸದಲ್ಲಿ. ಶೂನ್ಯಮಾಸದಲ್ಲಿ ಹೊಸ ಕೆಲಸ ಹಿಡಿಯುವುದುಂಟೇ? ಸಂಕ್ರಾಂತಿಗೆ ಮುಂದೂಡುತ್ತಾರೆ. ಸಂಕ್ರಾಂತಿಯ ದಿನ ಮನೆ ಮನೆಯಿಂದ ಎಳ್ಳುಬೆಲ್ಲ, ಕಬ್ಬು, ಸಕ್ಕರೆ ಅಚ್ಚು ಬಂದು ಬೀಳುತ್ತವೆ. ಅವತ್ತೇ ಸಿಹಿ ಬಿಡುತ್ತೇನೆ ಅನ್ನುವುದು ಕೊಟ್ಟವರಿಗೆ ಮಾಡುವ ಅವಮಾನ. ಯುಗಾದಿಗೆ ಹೋಳಿಗೆ. ಆಷಾಢ ಹೇಗೂ ಬೇಡ. ಹೋಗಲಿ, ಯಾವುದಾದರೂ ಒಂದು ಸೋಮವಾರದಿಂದ ಆಗಲಿ ಅಂದರೆ ಸೋಮವಾರ ರಾಹುಕಾಲ ಬೆಳಗ್ಗೆ ಏಳೂವರೆಯಿಂದ ಒಂಬತ್ತು.

“ಆರಕ್ಕೇ ವಾಕಿಂಗ್ ಹೊರಡಬಹುದಲ್ಲ ಮೂರ್ತಿಗಳೇ?”

“ಹೊರಡಬಹುದು. ವಾಪಸು ಬರೋವಷ್ಟರಲ್ಲಿ ಏಳೂವರೆ ಆಗಿಬಿಟ್ಟರೆ?”

ಅವರ ಡೈರಿಯನ್ನು ಒಮ್ಮೆ ನೋಡುವ ಭಾಗ್ಯ ನನಗೆ ಒದಗಿತ್ತು. ಮೊದಲ ಪುಟದಲ್ಲಿ ಮೂರು ಬಣ್ಣದ ಶಾಯಿ, ಅಡಿಗೆರೆಗೆ ಸ್ಕೇಲು. ತೂಕ, ಸಕ್ಕರೆ, ಸಂಸ್ಕೃತ ಸಂಭಾಷಣೆ, ಹತ್ತು ಕಿಲೋಮೀಟರ್ ಓಟ, ಕಗ್ಗ ಕಂಠಪಾಠ. ಕೊನೆಯಲ್ಲಿ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ, ‘ಕೋಪ: ಸಂಪೂರ್ಣ ಬಂದ್’. ಜನವರಿ 4ರ ಹೊತ್ತಿಗೆ ಬಣ್ಣ ಒಂದಕ್ಕಿಳಿದಿತ್ತು. 7ರಂದು ‘ಮಳೆ ಬರುವ ಹಾಗಿದೆ’ ಎಂದಷ್ಟೇ ಇತ್ತು. 9ರಿಂದ ಕೈಬರಹ ಅವರ ಮನೆಯವರದ್ದು: ಹಾಲು ಒಂದು ಲೀಟರ್, ಮೊಸರು ಅರ್ಧ, ಇಸ್ತ್ರಿಗೆ 14 ಬಟ್ಟೆ. ಅಲ್ಲಿಂದ ಡಿಸೆಂಬರ್ 31ರವರೆಗೆ ಒಂದು ಪುಟವೂ ಖಾಲಿಯಿಲ್ಲ.

ಅಷ್ಟೂ ಗುರಿಗಳಲ್ಲಿ ಮೂರ್ತಿಗಳ ಸ್ವಂತದ್ದು ಯಾವುದು ಎಂದು ಹುಡುಕಿದರೆ ತಬ್ಬಿಬ್ಬಾಗುತ್ತೀರಿ. ತೂಕ ಷಡ್ಡಕನದು, ಆತ ಅನ್ನ ಬಿಟ್ಟು ತೆಳ್ಳಗಾದ ವಾರವೇ ಇವರ ಮನೆಯಲ್ಲೂ ಅನ್ನಕ್ಕೆ ಗ್ರಹಚಾರ ಹಿಡಿಯಿತು. ಓಟ ಎದುರುಮನೆ ಹುಡುಗನದು. ಸಂಸ್ಕೃತ ಹಳೇ ಬಾಸ್‌ನದು. ರಿಟೈರ್ ಆದಮೇಲೆ ಅವರು ಫೋನಿನಲ್ಲಿ ‘ಕುಶಲಂ ವಾ’ ಅನ್ನತೊಡಗಿದ್ದು ಇವರಿಗೆ ತಡೆಯಲಾಗಲಿಲ್ಲ. ಪಕ್ಕದ ಸೈಟಿನವರು ಕಾರು ತಗೊಂಡರೆ ಹೊಟ್ಟೆ ಉರಿಯುವ ಜನ ಬೇರೆ. ಇವರಿಗೆ ಉರಿಯುವುದು ಅವರು ಪ್ರಾಣಾಯಾಮ ಕಲಿತರೆ.

ಒಂದು ಸಂಜೆ ಅವರ ಮನೆಯವರೇ ನನ್ನೆದುರಿಗೆ ಕೇಳಿಬಿಟ್ಟರು. “ಅವರವರಿಗೆ ಬೇಕಾದ್ದು ಅವರವರು ಮಾಡ್ಕೊಂಡ್ರು ಕಣ್ರೀ. ನಿಮಗೇನು ಬೇಕು, ಅದನ್ನ ಹೇಳಿ.”

ಮೂರ್ತಿಗಳು ಬಹಳ ಹೊತ್ತು ಸೂರು ನೋಡಿದರು. ಇಂಥ ಪ್ರಶ್ನೆ ಯಾವ ಪುಸ್ತಕದಲ್ಲೂ ಅವರಿಗೆ ಎದುರಾದಂತಿರಲಿಲ್ಲ. ಕೊನೆಗೆ, “ಇನ್ನೊಂದು ಸ್ವಲ್ಪ ಕಾಫಿ” ಅಂದರು.

ಕಗ್ಗದ ವಿಷಯದಲ್ಲಿ ಮಾತ್ರ ಅವರ ಭಕ್ತಿ ನಿಜವಾದದ್ದು. ಡಿವಿಜಿಯವರ ಕಗ್ಗದಲ್ಲಿ 945 ಪದ್ಯ. ದಿನಕ್ಕೊಂದು ಅಂದರೂ ಎರಡು ವರ್ಷ ಏಳು ತಿಂಗಳು ಎಂದು ಲೆಕ್ಕ ಹಾಕಿ ಗೋಡೆಗೆ ಅಂಟಿಸಿದ್ದಾರೆ. ಕಗ್ಗ ಅಚ್ಚಾದದ್ದು 1943ರಲ್ಲಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದೂ 1943ರಲ್ಲೇ. ಈ ಎರಡರಲ್ಲಿ ಮೂರ್ತಿಗಳಿಗೆ ಬಾಯಿಪಾಠವಾಗಿರುವುದು ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ಡಯಟ್ಟು ಅವರದ್ದು ಶುಕ್ರವಾರ ಮಾತ್ರ ಬಲು ಕಟ್ಟುನಿಟ್ಟು. ಅವತ್ತು ಭವನಕ್ಕೆ ರಜೆ.

ಲಾಲ್‌ಬಾಗಿಗೂ ಹೋಗುತ್ತಾರೆ, ಇಲ್ಲವೆನ್ನಲಾರೆ. 240 ಎಕರೆಯಲ್ಲಿ ಅವರಿಗೆ ಹಿಡಿಸಿದ್ದು ಬಂಡೆ. ಬೂಟಿನ ಲೇಸು ಕಟ್ಟಿಕೊಳ್ಳಲು ಕೂರುತ್ತಾರೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದಕ್ಕೂ ಆತುರವಿಲ್ಲ, ಇವರಿಗೂ ಇಲ್ಲ. ಹಾಗಿದ್ದೂ ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕು. ಜಪಾನಿನ ಕಂಪನಿಯೊಂದು 1965ರಲ್ಲಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ‘ಹತ್ತು ಸಾವಿರ ಹೆಜ್ಜೆಯ ಮೀಟರು’ ಎಂದು ಹೆಸರಿಟ್ಟಿತು, ಆ ಸಂಖ್ಯೆ ಜನರ ತಲೆಗೆ ಹತ್ತಿದ್ದು ಹಾಗೆ ಎಂದೆ. ಕೇಳಿಸಿಕೊಳ್ಳಲಿಲ್ಲ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ ಅವರ ಪಕ್ಕ ಕೂತಾಗ ಗುಟ್ಟು ರಟ್ಟಾಯಿತು. ವಾಚು ಕಟ್ಟಿದ ಕೈಯಲ್ಲೇ ತೊಡೆ ತಟ್ಟುತ್ತಾ ಆದಿತಾಳ ಹಾಕುತ್ತಿದ್ದರು. ತನಿ ಆವರ್ತನ ಮುಗಿಯುವಷ್ಟರಲ್ಲಿ ಮೃದಂಗದವರಿಗಿಂತ ಹೆಚ್ಚು ಬೆವೆತು, ವಾಚು ನನ್ನ ಕಡೆ ತಿರುಗಿಸಿ, “ಇವತ್ತಿನ ಕೋಟಾ ಮುಗೀತು” ಎಂದರು.

ವಿಜ್ಞಾನವನ್ನು ಅವರ ಹತ್ತಿರ ತರಬಾರದು. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತಿನ ಬೇರು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕದಲ್ಲಿದೆ. ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕು ಎಂದು ಆತ ಗಮನಿಸಿದ್ದ. ಆಮೇಲೆ ಲಂಡನ್ನಿನ ಸಂಶೋಧಕರು ಜನರನ್ನು ಕೂಡಿಸಿ ನೋಡಿದಾಗ ಸರಾಸರಿ 66 ದಿನ, ಕೆಲವರಿಗೆ 254ರವರೆಗೂ ಬೇಕು ಎಂದು ಕಂಡಿತು. ಬೇಜಾರಾಗಬಹುದು ಎಂದು ಹಿಂಜರಿಯುತ್ತಲೇ ಹೇಳಿದೆ. ಮೂರ್ತಿಗಳ ಮುಖ ಅರಳಿತು. “ಹಾಗಾದ್ರೆ ಇನ್ನೂ ಬೇಕಾದಷ್ಟು ಟೈಮಿದೆ!”

ಗುರಿಯನ್ನು ನಾಲ್ಕು ಜನರೆದುರು ಸಾರಿಬಿಟ್ಟರೆ ಅರ್ಧ ಸಾಧಿಸಿದಷ್ಟೇ ತೃಪ್ತಿ ಸಿಕ್ಕಿ ಕೈ ನಿಧಾನವಾಗುತ್ತದೆ ಎಂದು ಪೀಟರ್ ಗೋಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರ ತಂಡ 2009ರಲ್ಲಿ ತೋರಿಸಿದ್ದನ್ನೂ ಹೇಳಿದೆ. ಇದು ನಾಟಿತು. ಇನ್ನು ಮೇಲೆ ನನ್ನ ಗುರಿ ಯಾರಿಗೂ ಹೇಳೋದಿಲ್ಲ ಎಂದು ಅವತ್ತು ಸಂಜೆಯೊಳಗೆ ಇಡೀ ರಸ್ತೆಗೆ ಹೇಳಿಕೊಂಡು ಬಂದರು.

ಇಂಥವರನ್ನು ನಮ್ಮ ನಿವಾಸಿಗಳ ಸಂಘ ಬಿಡುತ್ತದೆಯೇ? ಗಣೇಶೋತ್ಸವದಲ್ಲಿ ‘ಗುರಿ ಮತ್ತು ಏಕಾಗ್ರತೆ’ ಎಂಬ ಭಾಷಣ ಇಟ್ಟರು. ಸುಮ್ಮನೆ ಹೊಗಳುತ್ತಿಲ್ಲ, ಮೂರ್ತಿಗಳು ಅದ್ಭುತವಾಗಿ ಮಾತಾಡಿದರು. ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡದ್ದನ್ನು ಹೇಳುವಾಗ ಹಿಂದಿನ ಸಾಲಿನ ಹುಡುಗರೂ ಫೋನು ಕೆಳಗಿಟ್ಟಿದ್ದರು. ಮಧ್ಯೆ ಪ್ರಸಾದದ ಪುಳಿಯೋಗರೆ ಬಂತೇ ಎಂದು ಎರಡು ಸಲ ಬಾಗಿಲ ಕಡೆ ನೋಡಿದರು, ಅದಿರಲಿ.

ಕೆಲವು ತಿಂಗಳ ಮೇಲೆ, ಬ್ಯಾಂಕಿನಿಂದ ನಿವೃತ್ತರಾದ, ಯಾರ ಜೊತೆಗೂ ಹೆಚ್ಚು ಮಾತಾಡದ ಹಿಂದಿನ ರಸ್ತೆಯ ಯಜಮಾನರೊಬ್ಬರು ಮೈಸೂರುಪಾಕಿನ ಡಬ್ಬಿ ಹಿಡಿದು ಇವರ ಮನೆಗೆ ಬಂದರು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಹೊಸ ತೂತು ಹಾಕಿಸಿದ್ದರು. “ನಿಮ್ಮ ಭಾಷಣದಿಂದಲೇ ಸಾರ್” ಎಂದು ಕೈ ಮುಗಿದು, ನನಗೆ ಸಿಹಿ ಇಲ್ಲ ಎಂದು ಡಬ್ಬಿ ಇಟ್ಟು ಹೋದರು.

ನಾನು ಹೋದಾಗ ಡಬ್ಬಿ ಮುಕ್ಕಾಲು ಖಾಲಿ. ಮೂರ್ತಿಗಳ ಮುಖ ಚಿಕ್ಕದಾಗಿತ್ತು.

“ಹೇಗೆ ಮಾಡಿದ್ರಿ ಅಂತ ಕೇಳಿದೆ ಸಾರ್. ದಿನಾ ನಡೆದೆ ಅಂದ್ರು, ಅಷ್ಟೇ. ಆ್ಯಪಿಲ್ಲ, ಚಾರ್ಟಿಲ್ಲ, ಒಂದು ಡೈರಿ ಕೂಡ ಇಟ್ಟಿಲ್ಲ. ಬೂಟೂ ಮಗನ ಹಳೇದಂತೆ. ಇದನ್ನೆಲ್ಲ ಗುರಿಸಾಧನೆ ಅನ್ನಕ್ಕಾಗತ್ತೇನ್ರೀ?”