ಸಹಿಗೊಂದು ಸಾಲು

(ಲಂಡನ್ನಿನ ಸೋಹೋ, ಬೆರಿಕ್ ಬೀದಿ. ಓಯಸಿಸ್ ತಂಡದ 1995ರ ಆಲ್ಬಮ್ಮಿನ ಹೊದಿಕೆಯಲ್ಲಿ ಕಾಣುವುದು ಇದೇ ಬೀದಿ. ರೆಕಾರ್ಡ್ ಅಂಗಡಿಯೊಂದರ ಮುಂದೆ ಸಂಗೀತಗಾರನೊಬ್ಬನ ಸಹಿಗಾಗಿ ಸಾಲು. ಅದರಲ್ಲಿ ನಮ್ಮ ಅಭಿಮಾನಿ, ಜೊತೆಗೆ ಮೈಸೂರಿಂದ ಬಂದ ಅವನ ಭಾವ.)

ಭಾವ: ಕೈಗೇನಯ್ಯಾ ಪಟ್ಟಿ ಸುತ್ತಿದಾರೆ? ಆಸ್ಪತ್ರೆಗೆ ಬಂದಿದೀವಾ?

ಅಭಿಮಾನಿ: ಇಲ್ಲೇ ಎಲ್‌ಪಿ ಕೊಂಡವರಿಗೆ ಮಾತ್ರ ಭೇಟಿ, ಭಾವ.

ಭಾವ: ಸ್ಪೆಷಲ್ ದರ್ಶನ ಅನ್ನು! ಮನೇಲಿ ರೆಕಾರ್ಡ್ ಪ್ಲೇಯರೇ ಕಾಣ್ಲಿಲ್ಲ?

ಅಭಿಮಾನಿ: ಹಾಡು ಫೋನಲ್ಲಿ ಕೇಳ್ತೀನಿ. ಇದು ಗೋಡೆಗೆ.

ಭಾವ: ನಿಮಿಷಕ್ಕೆ 33 ಸುತ್ತು ತಿರುಗೋದನ್ನ ಮೊಳೆಗೆ ತೂಗುಹಾಕ್ತೀಯಾ?

ಅಭಿಮಾನಿ: ಸಣ್ಣ ಅಂಗಡಿಗಳು ಉಳೀಬೇಕಲ್ವಾ? 2008ರಿಂದ ರೆಕಾರ್ಡ್ ಸ್ಟೋರ್ ಡೇ ಅಂತ ವರ್ಷವರ್ಷ ಮಾಡ್ತಾರೆ.

ಭಾವ: ಮುಂದಿನವನ ಕೈಲಿ ಐದು ಪ್ರತಿ ಇವೆ. ಉಳಿಸೋಕೋ, ಮಾರೋಕೋ?

(ಸರದಿ ಬಂತು. ವಾರದಿಂದ ಉರುಹಚ್ಚಿದ್ದ ಮಾತೆಲ್ಲ ಅಭಿಮಾನಿಗೆ ಮರೆತೇಹೋಯಿತು.)

ಸಂಗೀತಗಾರ: ಯಾರ ಹೆಸರಿಗೆ ಬರೀಲಿ?

ಅಭಿಮಾನಿ: ನಿ... ನಿಮ್ಮ ಹೆಸರಿಗೇ!

ಸಂಗೀತಗಾರ: (ಭಾವನ ಕಡೆ) ನೀವು ಯಾರನ್ನ ಕೇಳ್ತೀರಿ?

ಭಾವ: ನಮ್ಮ ಟಿ. ಚೌಡಯ್ಯನವರನ್ನ. ಏಳು ತಂತಿ ಪಿಟೀಲು.

ಸಂಗೀತಗಾರ: ಏಳಾ? ನಾಲ್ಕು ಸಾಕಲ್ವಾ?

ಭಾವ: ಮೈಕಿಲ್ಲದ ಕಾಲ. ಹಿಂದೆ ಕೂತವನಿಗೂ ಕೇಳ್ಬೇಕಿತ್ತು.

(ಭಾವನಿಗೆ ಕುರ್ಚಿ ಬಂತು, ಚಹಾ ಬಂತು. ಅಭಿಮಾನಿಗೆ ಅಂಗಡಿಯ ಹುಡುಗ ‘ಮುಂದೆ ಹೋಗಿ’ ಎಂದ.)

ಓದುಗರೇ, ಸಹಿಗೆ ಹೋಗುವುದಾದರೆ ಒಬ್ಬರೇ ಹೋಗಿ. ಭಾವನವರನ್ನು ಬಕಿಂಗ್‌ಹ್ಯಾಮ್ ಅರಮನೆ ನೋಡಲು ಕಳಿಸಿ.