ತುದಿಮೀಮಾಂಸೆ: ಕಾಂಟ್ರಾ ಕುಣಿತದಲ್ಲಿ ಅಂತ್ಯಪರಿಣಾಮದ ತಾತ್ವಿಕ ಅನುಸಂಧಾನ

ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ಹಳೇ ಮರದ ನೆಲದ ಹಾಲುಗಳಲ್ಲಿ ಪಿಟೀಲಿನ ಜತೆ ಜರುಗುವ 'ಕಾಂಟ್ರಾ' ಎಂಬ ದ್ವಿಪಂಕ್ತೀಯ ಚಲನಸಂಕಥನವನ್ನು ಪಾಮರರು ಕುಣಿತ ಎಂದು ಕರೆಯುವುದುಂಟು. ಈ ತಪ್ಪುಗ್ರಹಿಕೆಯ ನಿವಾರಣೆಯೇ ಪ್ರಸ್ತುತ ಪ್ರಬಂಧದ ವ್ಯಾಪ್ತಿ ಮತ್ತು ಮಿತಿ. 1651ರಲ್ಲಿ ಲಂಡನ್ನಿನ ಜಾನ್ ಪ್ಲೇಫರ್ಡ್ ಅಚ್ಚುಹಾಕಿಸಿದ ನೃತ್ಯಪುಸ್ತಕದಲ್ಲೇ ಬಂದವರೆಲ್ಲ ಸೇರಬಹುದಾದ ಉದ್ದಸಾಲಿನ ಕುಣಿತಗಳಿವೆ. ಮೀಮಾಂಸೆ ಮಾತ್ರ ನಮ್ಮ ಕಾಲದ ಕೊಡುಗೆ.

ವೇದಿಕೆಯಲ್ಲಿ ಮೈಕು ಹಿಡಿದು ಮುಂದಿನ ಹೆಜ್ಜೆಯನ್ನು ಕೂಗಿ ಹೇಳುವವನು ಕಾಲರ್. ಅಂಗಿಯ ಕಾಲರಿಗೂ ಇವನಿಗೂ ವ್ಯುತ್ಪತ್ತಿಯ ನಂಟಿಲ್ಲ, ಗಂಜಿ ಹಾಕಿದಂತೆ ಸೆಟೆದು ನಿಲ್ಲುವುದರಲ್ಲಿ ಮಾತ್ರ ಸಾಮ್ಯವಿದೆ.

ಲಕ್ಷಣವಿಷ್ಟು: ಎರಡು ಜೋಡಿ ಸೇರಿ ನಾಲ್ವರ ಗುಂಪು. ಅರವತ್ನಾಲ್ಕು ಬೀಟಿಗೆ ಒಂದು ಸುತ್ತು. ಸುತ್ತು ಮುಗಿದರೆ ಒಂದನೇ ಜೋಡಿ ಕೆಳಗೆ ಸರಿಯುತ್ತದೆ, ಎರಡನೆಯದು ಮೇಲಕ್ಕೆ, ಹೊಸ ಎದುರು ಜೋಡಿ ಸಿಗುತ್ತದೆ. ಸಾಲಿನ ಕೊನೆ ಮುಟ್ಟಿದ ಜೋಡಿಗೆ ಯಾರೂ ಸಿಗುವುದಿಲ್ಲ. ಇದೇ ಅಂತ್ಯಪರಿಣಾಮ. ಪರಿಹಾರ: ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡು, ಒಳಮುಖವಾಗಿ ನಿಂತು, ಮೂವತ್ತು ಚಿಲ್ಲರೆ ಸೆಕೆಂಡು ಕಾಯುವುದು. ಇಷ್ಟೇ. ಆದರೆ ಇಷ್ಟೇ ಅಂದುಬಿಟ್ಟರೆ ಪ್ರಬಂಧ ಇಲ್ಲೇ ಮುಗಿದುಹೋಗುತ್ತದೆ.

ಆದ್ದರಿಂದ ಅಂತ್ಯಗಳು ಏಳು ವಿಧ. ನಿಶ್ಚಲಾಂತ್ಯ ಮೇಲೆ ಹೇಳಿದ್ದು. ವಕ್ರಾಂತ್ಯ ಎಂದರೆ ಓರೆಯಲ್ಲಿ ನಿಂತವರಿಗೆ ಕೈಕೊಟ್ಟು ದಾಟಬೇಕಾದ ಕುಣಿತದಲ್ಲಿ ತುದಿಯವರಿಗೆ ಓರೆಯಲ್ಲಿ ಬರೀ ಗೋಡೆ ಕಾಣುವುದು. ಬೆಕೆಟ್ಟೀಯಾಂತ್ಯವು ಮ್ಯಾಸಚೂಸೆಟ್ಸ್‌ನ ಬೆಕೆಟ್ ಎಂಬ ಊರಿನ ಹೆಸರು ಹೊತ್ತ ವ್ಯೂಹದ್ದು. ಅಲ್ಲಿ ಸಂಗಾತಿ ಎದುರಿಗಿರದೆ ಪಕ್ಕದಲ್ಲೇ ಇರುವುದರಿಂದ, ಕೊನೆಯಲ್ಲಿ ಗಂಡಹೆಂಡಿರ ಹಾಗೆ ಇಬ್ಬರೂ ಒಟ್ಟಿಗೇ ದಿಕ್ಕುತಪ್ಪುವ ಅನುಕೂಲವಿದೆ. ನಾಲ್ಕನೆಯದು... ಉಳಿದವನ್ನು ಜಿಜ್ಞಾಸುಗಳು ಊಹಿಸಿಕೊಳ್ಳಲಿ. ನನಗೂ ಸಾಕಾಗಿದೆ.

ಸಾಕಾದದ್ದು ಯಾಕೆ ಅಂತ ಹೇಳಿಬಿಡುತ್ತೇನೆ. ಒಂದು ಚಳಿಗಾಲದ ರಾತ್ರಿ, ಅವತ್ತೇ ಮೊದಲ ಸಲ ಬಂದಿದ್ದ ಅಜ್ಜಿಯೊಬ್ಬರು ನನ್ನ ಜೋಡಿ. ಕಾಲರ್ ಮಹಾಶಯ ಅಂತ್ಯಪರಿಣಾಮ ವಿವರಿಸುತ್ತಲೇ ಇದ್ದ. ಪಿಟೀಲಿನವನು ಎರಡು ಸಲ ಶ್ರುತಿ ಮಾಡಿಕೊಂಡ. ಕುಣಿತ ಶುರುವಾಗಿ ಬಾಗಿಲ ಹತ್ತಿರ ನಮ್ಮ ಸರದಿ ಬಂದಾಗ ಅಜ್ಜಿ ನಗುತ್ತಲೇ ಕೈ ಚಾಚಿದರು. ಹಿಡಿಯಲು ಯಾರೂ ಇರಲಿಲ್ಲ. "ಕೆಳಗಿನ ಜೋಡಿ, ನಾನು ಹೇಳಿದ್ದು ಕೇಳಿಸಿತಾ?" ಎಂದು ಮೈಕು ಗದರಿತು. ಇಡೀ ಸಾಲು ತಿರುಗಿ ನೋಡಿತು. ಚಾಚಿದ ಕೈಯನ್ನು ಅಜ್ಜಿ ಎಲ್ಲಿಡುವುದೆಂದು ತಿಳಿಯದೆ ಲಂಗಕ್ಕೆ ಒರೆಸಿಕೊಂಡರು.

ಅವರದೇನು ತಪ್ಪು? ನಡುವೆ ಕುಣಿಯುವ ಪಳಗಿದವರ ಮೋಜಿಗೆ, ತುದಿಯವರು ತೊಡಕಿಗೆ ಸಿಕ್ಕುವಂಥ ಕುಣಿತ ಆರಿಸಿದವನು ಆ ಕಾಲರ್. ಮದುವೆ ಊಟದಲ್ಲಿ ಪಂಕ್ತಿಯ ನಡುವಿನವರಿಗೆ ಕೇಳಿ ಕೇಳಿ ಬಡಿಸಿ, ತುದಿಯ ಎಲೆಗೆ ಬರುವ ಹೊತ್ತಿಗೆ ಖಾಲಿ ಬಕೆಟ್ಟು ಬಗ್ಗಿಸಿ ತೋರಿಸಿದ ಹಾಗೆ. ಹೊಸಬರು ಬಂದ ರಾತ್ರಿ ಸುಲಭದ್ದನ್ನು ಆರಿಸಬಹುದಿತ್ತು. ಸುತ್ತು ಮುಗಿಯಲು ನಾಲ್ಕು ಬೀಟು ಇರುವಾಗ "ತುದಿಯವರು ಅದಲುಬದಲಾಗಿ" ಅಂದಿದ್ದರೆ ಸಾಕಿತ್ತು. ಬಲ್ಲ ಕಾಲರುಗಳು ಹಾಗೇ ಮಾಡುತ್ತಾರೆ. ನಾಲ್ಕಾರು ಸುತ್ತಾದ ಮೇಲೆ ಅದನ್ನೂ ನಿಲ್ಲಿಸಿ ಸಂಗೀತಕ್ಕೆ ಬಿಟ್ಟುಕೊಡುತ್ತಾರೆ. ಇವನ ಬಾಯಿಗೆ ಬಿಡುವೇ ಇರಲಿಲ್ಲ.

ಮುಂದಿನದು ನಾಲ್ಕು ಜೋಡಿಯ ಚೌಕದ ಕುಣಿತ. ಅದಕ್ಕೆ ತುದಿಯೇ ಇಲ್ಲ. ಒಂದು ಚೌಕಕ್ಕೆ ಜೋಡಿ ಕಮ್ಮಿ ಬಿತ್ತು. "ಇನ್ನೊಂದು ಜೋಡಿ ಬೇಕು, ಇನ್ನೊಂದೇ ಜೋಡಿ" ಎಂದು ಮೈಕಿನಲ್ಲಿ ಕೂಗುತ್ತಲೇ ಇದ್ದ. ಅಜ್ಜಿ ಬೆಂಚಿನ ಮೇಲೆ ಬಗ್ಗಿ ಹಿಮದ ಬೂಟಿನ ಲಾಡಿ ಕಟ್ಟುತ್ತಿದ್ದರು. ನಾನು ಅವರ ಕೋಟು ಹಿಡಿದುಕೊಂಡು ನಿಂತಿದ್ದೆ.