ಚಹಾ, ಟಿವಿ ಮತ್ತು ಜಿನೀವಾ

(ಬಾರಾಮತಿಯ ಒಂದು ಉಡುಪಿ ಹೋಟೆಲ್. ಗಲ್ಲಾದಲ್ಲಿ ಮಾವ. ಎದುರಿಗೆ ಪುಣೆಯಲ್ಲಿ ಕಾನೂನು ಓದುವ ಅಳಿಯ. ಟಿವಿಯಲ್ಲಿ ಕ್ರಿಕೆಟ್.)

ಅಳಿಯ: ಮಾವ, ಪ್ರಸಾರಕರ ಹಕ್ಕಿನ ಒಪ್ಪಂದ 1998ರಿಂದ ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸಮಿತಿ ಮುಂದಿದೆ.

ಮಾವ: ನಮ್ಮೂರ ಗದ್ದೆ ದಾವೆಯೇ ಮುಗೀತಲ್ಲ ಮಾರಾಯ! ತಕರಾರು ಏನು?

ಅಳಿಯ: ಹಾಡು, ನಾಟಕ ಯಾರದ್ದೇ ಇರಲಿ, ಗಾಳಿಗೆ ಬಿಟ್ಟ ಸಿಗ್ನಲ್ ತಮ್ಮದು ಅಂತಾರೆ ಚಾನೆಲಿನವರು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ಪ್ರಸಾರಕ್ಕೆ 25 ವರ್ಷದ ಹಕ್ಕಿದೆ. ದುಡ್ಡು ತಗೊಂಡು ಸಾರ್ವಜನಿಕರಿಗೆ ತೋರಿಸಬಾರದು.

ಮಾವ: ನಾನು ತಗೊಳ್ಳೋದು ಚಹಾಕ್ಕೆ.

ಅಳಿಯ: ಮ್ಯಾಚಿನ ದಿನ ಎರಡು ರೂಪಾಯಿ ಜಾಸ್ತಿ?

ಮಾವ: ಅದು ಶುಂಠಿಗೆ. (ಚಹಾದಲ್ಲಿ ಶುಂಠಿ ಇರಲಿಲ್ಲ.) ಬಡಪಾಯಿಗಳಿಗೆ ವಿನಾಯಿತಿ ಇಲ್ವಾ?

ಅಳಿಯ: ಗ್ರಂಥಾಲಯ, ಶಾಲೆಗಳ ವಿನಾಯಿತಿ ಅದೇ ಸಮಿತಿಯಲ್ಲಿ ಇನ್ನೂ ಚರ್ಚೆಯಲ್ಲಿದೆ. ಅಂಧರ ಪುಸ್ತಕಗಳಿಗೆ ಮಾತ್ರ 2013ರಲ್ಲಿ ಮರಾಕೇಶ್ ಒಪ್ಪಂದವಾಯ್ತು. ಮೊದಲು ಅನುಮೋದಿಸಿದ್ದು ಭಾರತ.

(ಹೊರಗೆ ಮದುವೆ ವರಾತಿನ ಬ್ಯಾಂಡು. ಗ್ಲಾಸುಗಳು ನಡುಗುತ್ತವೆ.)

ಮಾವ: ಇವರು ಸಿನಿಮಾ ಹಾಡಿಗೆ ದುಡ್ಡು ಕಟ್ಟಿದ್ದಾರಾ?

ಅಳಿಯ: ಮದುವೆ ಮೆರವಣಿಗೆಗೆ ಕಾಯ್ದೆಯಲ್ಲೇ ವಿನಾಯಿತಿ!

ಮಾವ: ಹಾಗಾದ್ರೆ ಇದೇ ಬ್ಯಾಂಡನ್ನು ಜಿನೀವಾದ ಸಭೆ ಬಾಗಿಲಿಗೆ ಕಳಿಸಿ. ಸಂಜೆಯೊಳಗೆ ಎಲ್ಲ ದೇಶದವರೂ ಸಹಿ ಹಾಕ್ತಾರೆ.